ರಸೆಲ್ ವಿಲ್ಸನ್ ಒಪ್ಪಂದಗಳಲ್ಲಿ ಕಾಣುವ ಸಂಬಳದ ಮಿತಿಯ ಲೆಕ್ಕ

2013ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಸಂಬಳದ ಲೆಕ್ಕದಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ರಸೆಲ್ ವಿಲ್ಸನ್ ಹೆಸರಿನ ಮುಂದೆ ಬಿದ್ದ ಮೊತ್ತ 6,81,085 ಡಾಲರ್. ಆ ಸೀಸನ್ನಿನಲ್ಲಿ ಅವರ ತಂಡ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದಿತು. 2024ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡದ ಲೆಕ್ಕದಲ್ಲಿ ಅದೇ ಹೆಸರಿನ ಮುಂದೆ ಬಿದ್ದದ್ದು 5.3 ಕೋಟಿ ಡಾಲರ್. ಆ ವರ್ಷ ಅವರು ಡೆನ್ವರ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. ಆಗ ಅವರು ಪಿಟ್ಸ್‌ಬರ್ಗ್ ತಂಡದಲ್ಲಿದ್ದರು.

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, ಹೇಗೆ ನಡೆಯುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಎರಡು ಮೊತ್ತಗಳಿಂದಲೇ ಶುರು ಮಾಡುತ್ತೇನೆ. ನಿಯಮಗಳ ಪುಸ್ತಕ ನೂರಾರು ಪುಟ ಇದೆ. ಆದರೆ ಈ ಒಬ್ಬ ಆಟಗಾರನ ಒಪ್ಪಂದಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದರ ಮುಖ್ಯ ಭಾಗ ಬಹುತೇಕ ತಿಳಿದುಬಿಡುತ್ತದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಾಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ದಾಳಿ ಮಾಡಲು 11 ಜನ, ತಡೆಯಲು ಬೇರೆಯೇ 11 ಜನ, ಒದೆಯುವುದಕ್ಕೆ ಮತ್ತೆ ಬೇರೆಯವರು. ಪೆಟ್ಟು ಬೀಳುವುದು ಇಲ್ಲಿ ದಿನದ ಮಾತು. ಹಾಗಾಗಿ ಬದಲಿ ಆಟಗಾರರೂ ಬೇಕು. ಒಟ್ಟು 53 ಜನರ ತಂಡ. ದಾಳಿಯ ಪ್ರತಿ ಎಸೆತ, ಪ್ರತಿ ಓಟ ಹೆಚ್ಚುಕಡಿಮೆ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಶುರುವಾಗುತ್ತದೆ. ಅದಕ್ಕೇ ಬೇರೆ ಯಾರಿಗೂ ಇಲ್ಲದ ಬೆಲೆ ಅವನಿಗೆ. ವಿಲ್ಸನ್ ಕ್ವಾರ್ಟರ್‌ಬ್ಯಾಕ್.

ಲೀಗ್‌ನಲ್ಲಿ 32 ತಂಡಗಳಿವೆ. ಟಿವಿ ಹಕ್ಕಿನಿಂದ ಬರುವ ದುಡ್ಡನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. 2020ರಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಆದ ಒಪ್ಪಂದದ ಪ್ರಕಾರ ಲೀಗ್‌ನ ಆದಾಯದಲ್ಲಿ ನೂರಕ್ಕೆ 48 ಪಾಲಾದರೂ ಆಟಗಾರರಿಗೆ ಹೋಗಬೇಕು. ಆ ಪಾಲಿನಿಂದ ಹುಟ್ಟುವ ಸಂಖ್ಯೆಯೇ ಕ್ಯಾಪ್. ಎಲ್ಲ ತಂಡಕ್ಕೂ ಒಂದೇ. 1994ರಲ್ಲಿ ಇದು ಶುರುವಾದಾಗ ತಂಡಕ್ಕೆ 3.46 ಕೋಟಿ ಡಾಲರ್ ಇತ್ತು. 2025ಕ್ಕೆ 27.92 ಕೋಟಿ ಡಾಲರ್ ಆಯಿತು.

ಈ ಮಿತಿ ಕಟ್ಟುನಿಟ್ಟು. ದಂಡ ಕಟ್ಟಿ ಮೀರುತ್ತೇನೆ ಅನ್ನುವ ಹಾಗಿಲ್ಲ. ಮಿತಿ ದಾಟಿಸುವ ಒಪ್ಪಂದವನ್ನು ಲೀಗ್ ಒಪ್ಪುವುದೇ ಇಲ್ಲ. ಕದ್ದುಮುಚ್ಚಿ ಮೀರಿದರೆ ಶಿಕ್ಷೆ ಇದೆ. 1990ರ ದಶಕದ ಒಪ್ಪಂದಗಳಿಗಾಗಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಡೆನ್ವರ್ ತಂಡಗಳು ಆಮೇಲೆ ದಂಡ ತೆತ್ತವು, ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನೂ ಕಳೆದುಕೊಂಡವು.

ಇದರಿಂದ ಆಗುವ ಒಳ್ಳೆಯದು ನನಗೆ ತುಂಬಾ ಇಷ್ಟ. ಗ್ರೀನ್ ಬೇ ಅನ್ನುವ ಊರು ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟೇ ದೊಡ್ಡದು, ಒಂದು ಲಕ್ಷ ಚಿಲ್ಲರೆ ಜನ. ಅಲ್ಲಿನ ತಂಡಕ್ಕೆ ಶ್ರೀಮಂತ ಮಾಲೀಕನೇ ಇಲ್ಲ. ಷೇರು ತೆಗೆದುಕೊಂಡಿರುವ 5 ಲಕ್ಷಕ್ಕೂ ಹೆಚ್ಚು ಜನಸಾಮಾನ್ಯರೇ ಮಾಲೀಕರು. ಆ ಊರು ನ್ಯೂಯಾರ್ಕ್, ಡಲ್ಲಾಸ್ ತಂಡಗಳ ಎದುರು ಸರಿಸಮನಾಗಿ ನಿಲ್ಲುತ್ತದೆ. ಎಲ್ಲರ ಜೇಬೂ ಒಂದೇ ಅಳತೆಯದ್ದು.

ಜೇಬು ಒಂದೇ ಅಳತೆ ಅಂದಮೇಲೆ ಗೆಲ್ಲುವುದು ಹೇಗೆ? ಒಂದು ಡಾಲರ್ ಸಂಬಳಕ್ಕೆ ಎರಡು ಡಾಲರ್ ಆಟ ಆಡುವವರನ್ನು ಹುಡುಕಬೇಕು. ಅಂಥವರು ಸಿಗುವುದು ಮುಖ್ಯವಾಗಿ ಡ್ರಾಫ್ಟ್‌ನಲ್ಲಿ.

ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ಪದ್ಧತಿ. ಒಟ್ಟು ಏಳು ಸುತ್ತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಹುಡುಗನಿಗೆ ಆಯ್ಕೆ ಇಲ್ಲ, ಯಾವ ತಂಡ ಕರೆಯಿತೋ ಅಲ್ಲಿಗೆ. ಮೊದಲು ಈ ಹೊಸಬರ ಸಂಬಳಕ್ಕೆ ಲಂಗುಲಗಾಮು ಇರಲಿಲ್ಲ. 2010ರಲ್ಲಿ ಮೊದಲ ಸರದಿಯಲ್ಲಿ ಬಂದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು, ಅದರಲ್ಲಿ 5 ಕೋಟಿ ಗ್ಯಾರಂಟಿ. 2011ರಲ್ಲಿ ನಿಯಮ ಬದಲಾಯಿತು. ಯಾವ ಸರದಿಗೆ ಎಷ್ಟು ಸಂಬಳ ಅನ್ನುವುದು ಬಹುತೇಕ ಮೊದಲೇ ಗೊತ್ತಾಗಿ, ಅವಧಿ ನಾಲ್ಕು ವರ್ಷ ಅಂತ ಆಯಿತು. ಆ ವರ್ಷ ಅದೇ ಮೊದಲ ಸರದಿಯಲ್ಲಿ ಬಂದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಒಂದೇ ವರ್ಷದಲ್ಲಿ ಇಷ್ಟು ವ್ಯತ್ಯಾಸ. ಇನ್ನೊಂದು ನಿಯಮವೂ ಬಂತು. ಮೂರು ಸೀಸನ್ ಮುಗಿಯುವವರೆಗೆ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಒಪ್ಪಂದ ತಿದ್ದುವಂತಿಲ್ಲ.

ವಿಲ್ಸನ್ ಬಂದದ್ದು ಇದರ ಮರುವರ್ಷ, 2012ರಲ್ಲಿ. ಐದು ಅಡಿ ಹನ್ನೊಂದು ಇಂಚು ಎತ್ತರ. ನಮಗೆ ಅದು ಒಳ್ಳೆಯ ಎತ್ತರವೇ, ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಮಾತ್ರ ಗಿಡ್ಡ. ಹಾಗಾಗಿ ಮೂರನೇ ಸುತ್ತಿನವರೆಗೆ ಯಾರೂ ಕರೆಯಲಿಲ್ಲ. 75ನೇ ಆಟಗಾರನಾಗಿ ಸಿಯಾಟಲ್ ಆರಿಸಿತು. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 30 ಲಕ್ಷ ಡಾಲರ್. ಬಂದ ವರ್ಷವೇ ಅವರು ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು.

2013ರಲ್ಲಿ ಕ್ಯಾಪ್ ಇದ್ದದ್ದು 12.3 ಕೋಟಿ. ತಂಡದ ಅತಿ ದುಬಾರಿ ಜಾಗಕ್ಕೆ ಸಿಯಾಟಲ್ ಖರ್ಚು ಮಾಡಿದ್ದು ಅದರಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ, ಬರೀ ಅರ್ಧ ಪಾಲು! ಆ ವರ್ಷ ಡೆನ್ವರ್‌ಗೆ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರ ಒಪ್ಪಂದ ಐದು ವರ್ಷಕ್ಕೆ 9.6 ಕೋಟಿ ಡಾಲರ್‌ನದ್ದು. ಸಿಯಾಟಲ್‌ಗೆ ಉಳಿದ ದುಡ್ಡಿನಲ್ಲಿ ಕ್ಲಿಫ್ ಏವ್ರಿಲ್, ಮೈಕಲ್ ಬೆನೆಟ್ ಬಂದರು. ಪರ್ಸಿ ಹಾರ್ವಿನ್‌ಗೆ 6.7 ಕೋಟಿಯ ಒಪ್ಪಂದ ಕೊಟ್ಟರು. ಜೊತೆಗೆ ರಿಚರ್ಡ್ ಶೆರ್ಮನ್, ಕ್ಯಾಮ್ ಚಾನ್ಸೆಲರ್ ಥರದ ಆಟಗಾರರು ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಸಿಕ್ಕವರು.

2014ರ ಫೆಬ್ರವರಿ 2ರಂದು ಸೂಪರ್ ಬೌಲ್. ಎದುರು ಮ್ಯಾನಿಂಗ್ ಅವರ ಡೆನ್ವರ್. ಏವ್ರಿಲ್ ನುಗ್ಗಿ ಮ್ಯಾನಿಂಗ್ ಕೈಗೆ ಹೊಡೆದರು. ಚೆಂಡು ಗಾಳಿಯಲ್ಲಿ ತೇಲಿತು. ಅದನ್ನು ಹಿಡಿದು 69 ಗಜ ಓಡಿ ಅಂಕ ತಂದವರು ಏಳನೇ ಸುತ್ತಿನಲ್ಲಿ ಸಿಕ್ಕಿದ್ದ ಮಾಲ್ಕಂ ಸ್ಮಿತ್. ದ್ವಿತೀಯಾರ್ಧದ ಮೊದಲ ಒದೆತವನ್ನೇ ಹಿಡಿದು ಹಾರ್ವಿನ್ 87 ಗಜ ಓಡಿದರು. 43–8ರಿಂದ ಗೆಲುವು. ಉಳಿತಾಯದ ದುಡ್ಡಿನಲ್ಲಿ ಬಂದವರು, ಅಗ್ಗದಲ್ಲಿ ಸಿಕ್ಕವರು, ಇಬ್ಬರೂ ಆ ರಾತ್ರಿ ಕಣ್ಣೆದುರೇ ಗೆದ್ದುಕೊಟ್ಟರು. ಕ್ಯಾಪ್‌ನ ಲೆಕ್ಕ ಮೈದಾನದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಪಂದ್ಯ ಅಪರೂಪ.

ಅಗ್ಗದ ದಿನಗಳು ಮುಗಿಯಲೇಬೇಕಲ್ಲ. ಮೂರು ಸೀಸನ್ ಆಯಿತು. 2015ರ ಜುಲೈನಲ್ಲಿ ಸಿಯಾಟಲ್ ವಿಲ್ಸನ್ ಜೊತೆ ಒಪ್ಪಂದ ಮುಂದುವರಿಸಿತು. ನಾಲ್ಕು ವರ್ಷಕ್ಕೆ 8.76 ಕೋಟಿ ಡಾಲರ್. ಸಹಿ ಹಾಕಿದ್ದಕ್ಕೇ 3.1 ಕೋಟಿ ಬೋನಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಇಡೀ ವಿಷಯದ ಕೀಲಿ ಇಲ್ಲಿದೆ.

ತಂಡಕ್ಕೆ ಎರಡು ಲೆಕ್ಕದ ಪುಸ್ತಕ ಇರುತ್ತದೆ ಅಂದುಕೊಳ್ಳಿ. ಒಂದು ನಗದಿನದು. ಆಟಗಾರನ ಕೈಗೆ ಎಷ್ಟು ದುಡ್ಡು ಹೋಯಿತು ಅಂತ ಅದು ಹೇಳುತ್ತದೆ. ಇನ್ನೊಂದು ಕ್ಯಾಪ್‌ನದು. ಲೀಗ್ ನೋಡುವುದು ಇದನ್ನು. ವರ್ಷದ ಸಂಬಳ ಎರಡೂ ಪುಸ್ತಕದಲ್ಲಿ ಅದೇ ವರ್ಷ ಬೀಳುತ್ತದೆ. ಸಹಿ ಬೋನಸ್ ಹಾಗಲ್ಲ. ನಗದು ಬೇಗ ಕೈಗೆ ಹೋದರೂ ಕ್ಯಾಪ್ ಪುಸ್ತಕದಲ್ಲಿ ಅದನ್ನು ಒಪ್ಪಂದದ ವರ್ಷಗಳಿಗೆ ಸಮ ಕಂತಾಗಿ ಹಂಚಬಹುದು. ಹೆಚ್ಚೆಂದರೆ ಐದು ಕಂತು.

ವಿಲ್ಸನ್‌ಗೆ ಹಳೆಯ ಒಪ್ಪಂದದ ಒಂದು ವರ್ಷ ಬಾಕಿ ಇತ್ತು. ಹೊಸ ನಾಲ್ಕು ಸೇರಿ ಐದು. 3.1 ಕೋಟಿಯನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ 62 ಲಕ್ಷ. 2015ರ ಸಂಬಳ 7 ಲಕ್ಷ. ಹಳೆಯ ಪುಟ್ಟ ಬೋನಸ್ಸಿನ ಕೊನೆಯ ಕಂತು ಒಂದೂವರೆ ಲಕ್ಷ. ಒಟ್ಟು ಸುಮಾರು 70.5 ಲಕ್ಷ. ಅಂದರೆ ಆ ಒಪ್ಪಂದದ ಮೊದಲ ವರ್ಷಕ್ಕೆ ಆಟಗಾರನಿಗೆ ಸೇರಬೇಕಾದ್ದು 3 ಕೋಟಿಗೂ ಜಾಸ್ತಿ, ಕ್ಯಾಪ್ ಪುಸ್ತಕದಲ್ಲಿ ಬಿದ್ದದ್ದು 70 ಲಕ್ಷ ಚಿಲ್ಲರೆ. ಉಳಿದದ್ದು ಮಾಯವಾಗಿಲ್ಲ, ಮುಂದಿನ ವರ್ಷಗಳ ಹೆಗಲ ಮೇಲೆ ಕೂತಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಮುಂದಿನ ವರ್ಷದ ಹಾಸಿಗೆಯನ್ನು ಈ ವರ್ಷಕ್ಕೆ ಎಳೆದುಕೊಳ್ಳುವುದಕ್ಕೆ ನಿಯಮವೇ ಅವಕಾಶ ಕೊಟ್ಟಿದೆ. ಎಳೆಯುವ ವಿಧಾನಗಳೂ ಹಲವು. ಒಂದು ಉದಾಹರಣೆ ನೋಡೋಣ. ಒಬ್ಬ ಆಟಗಾರನ ಈ ವರ್ಷದ ಸಂಬಳ 2 ಕೋಟಿ ಅಂತಿಟ್ಟುಕೊಳ್ಳಿ. ತಂಡ ಅದರಲ್ಲಿ 20 ಲಕ್ಷ ಮಾತ್ರ ಸಂಬಳವಾಗಿ ಉಳಿಸಿ 1.8 ಕೋಟಿಯನ್ನು ಬೋನಸ್ ಮಾಡುತ್ತದೆ. ಐದು ಕಂತಾದರೆ ತಲಾ 36 ಲಕ್ಷ. ಈ ವರ್ಷ ಕ್ಯಾಪ್‌ಗೆ ಬೀಳುವುದು 56 ಲಕ್ಷ. 1.44 ಕೋಟಿ ಜಾಗ ಖಾಲಿ ಆಯಿತು. ಆಟಗಾರನಿಗೆ ಒಂದು ಪೈಸೆಯೂ ಕಡಿಮೆಯಾಗಿಲ್ಲ, ಮೇಲಾಗಿ ದುಡ್ಡು ಬೇಗ ಕೈಸೇರಿತು. ಹಾಗಾಗಿ ಅವನು ಖುಷಿಯಿಂದಲೇ ಒಪ್ಪುತ್ತಾನೆ. ಒಪ್ಪಂದದಲ್ಲಿ ಅಷ್ಟು ವರ್ಷ ಬಾಕಿ ಇಲ್ಲದಿದ್ದರೆ ಅವನು ಆಡದ ವರ್ಷಗಳನ್ನೂ ಕಾಗದದ ಮೇಲೆ ಸೇರಿಸುತ್ತಾರೆ. ಕಂತು ಹಂಚುವುದಕ್ಕಷ್ಟೇ ಇರುವ ಖಾಲಿ ವರ್ಷಗಳು ಅವು. ಫಿಲಡೆಲ್ಫಿಯಾ ಈಗಲ್ಸ್ ಇದನ್ನು ಧಾರಾಳವಾಗಿ ಬಳಸುವ ತಂಡ. 2025ರ ಫೆಬ್ರವರಿಯಲ್ಲಿ ಅವರು ಕಾನ್ಸಸ್ ಸಿಟಿಯನ್ನು 40–22ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದರು.

ಇದು ಸಾಲವೇ ಅಲ್ವಾ ಅಂತ ನೀವು ಕೇಳಬಹುದು. ಹೌದು, ಸಾಲವೇ. ಬಡ್ಡಿ ಇಲ್ಲದ ಸಾಲ. ಕ್ಯಾಪ್ ವರ್ಷ ವರ್ಷ ಏರುತ್ತಿದ್ದರೆ ಇವತ್ತಿನ 62 ಲಕ್ಷ ನಾಲ್ಕು ವರ್ಷ ಬಿಟ್ಟು ಚಿಕ್ಕದಾಗಿ ಕಾಣುತ್ತದೆ. ಆದರೆ ಏರುತ್ತಲೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಕೊರೋನಾ ಕಾಲದಲ್ಲಿ ಮೈದಾನಗಳು ಖಾಲಿ ಇದ್ದವು. ಆದಾಯ ಬಿತ್ತು. 2020ರಲ್ಲಿ 19.82 ಕೋಟಿ ಇದ್ದ ಕ್ಯಾಪ್ 2021ಕ್ಕೆ 18.25 ಕೋಟಿಗೆ ಇಳಿಯಿತು. ಕಂತು ಗುಡ್ಡೆ ಹಾಕಿಕೊಂಡಿದ್ದ ತಂಡಗಳಿಗೆ ಆ ವರ್ಷ ಉಸಿರುಗಟ್ಟಿತು.

ಇನ್ನೊಂದು ಅಪಾಯ ಇದಕ್ಕಿಂತ ಸಾಮಾನ್ಯ. ಕಂತು ಮುಗಿಯುವ ಮೊದಲೇ ಆಟಗಾರ ತಂಡ ಬಿಟ್ಟರೆ ಏನಾಗುತ್ತದೆ? ಕಂತಿನಲ್ಲಿ ತಂದ ಫ್ರಿಜ್ ಕೆಟ್ಟು ಗುಜರಿಗೆ ಹೋದರೂ ಕಂತು ನಿಲ್ಲುವುದಿಲ್ಲ. ಇಲ್ಲಿ ಇನ್ನೂ ಕಷ್ಟ. ಬಾಕಿ ಕಂತುಗಳೆಲ್ಲ ಒಟ್ಟಿಗೆ ಈ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತವೆ. ಇದನ್ನು ಡೆಡ್ ಮನಿ ಅನ್ನುತ್ತಾರೆ. ತಂಡದಲ್ಲಿ ಇಲ್ಲದವನ ಹೆಸರಿನಲ್ಲಿ ಜಾಗ ತಿನ್ನುವ ದುಡ್ಡು.

ವಿಲ್ಸನ್ ಕಥೆಗೆ ವಾಪಸ್ ಬರೋಣ. 2019ರಲ್ಲಿ ಸಿಯಾಟಲ್ ಮತ್ತೊಮ್ಮೆ ಒಪ್ಪಂದ ಮುಂದುವರಿಸಿತು. ನಾಲ್ಕು ವರ್ಷಕ್ಕೆ 14 ಕೋಟಿ, ಸಹಿ ಬೋನಸ್ 6.5 ಕೋಟಿ. ಅಷ್ಟರಲ್ಲಿ ತಡೆಯುವ ಹಳೆಯ ಪಡೆ ಚದುರಿತ್ತು. ಶೆರ್ಮನ್ ಅವರನ್ನು 2018ರಲ್ಲೇ ಬಿಟ್ಟಿದ್ದರು. ಚಾನ್ಸೆಲರ್ ಕುತ್ತಿಗೆಯ ಪೆಟ್ಟಿನಿಂದ ಆಟ ನಿಲ್ಲಿಸಿದ್ದರು. ಎಲ್ಲಕ್ಕೂ ಕ್ವಾರ್ಟರ್‌ಬ್ಯಾಕ್ ಸಂಬಳವೇ ಕಾರಣ ಅಂದರೆ ತಪ್ಪು. ವಯಸ್ಸು, ಗಾಯ ಎಲ್ಲ ಸೇರಿತ್ತು. ಆದರೆ ಹೊಸ ಆಟಗಾರರನ್ನು ಕೊಳ್ಳಲು ಮೊದಲಿನಷ್ಟು ಜಾಗ ಇರಲಿಲ್ಲ ಅನ್ನುವುದು ನಿಜ. 2015ರ ಆ ದೊಡ್ಡ ಒಪ್ಪಂದದ ನಂತರ ವಿಲ್ಸನ್ ಇದ್ದ ಸಿಯಾಟಲ್ ಸೂಪರ್ ಬೌಲ್‌ಗೆ ಹೋಗಲೇ ಇಲ್ಲ.

2022ರ ಮಾರ್ಚ್‌ನಲ್ಲಿ ಸಿಯಾಟಲ್ ಅವರನ್ನು ಡೆನ್ವರ್‌ಗೆ ಕೊಟ್ಟಿತು. 6.5 ಕೋಟಿ ಬೋನಸ್ಸಿನ ವರ್ಷದ ಕಂತು 1.3 ಕೋಟಿ. ಎರಡು ಕಂತು ಬಾಕಿ. ಹಾಗಾಗಿ 2.6 ಕೋಟಿ ಡೆಡ್ ಮನಿ. ಆ ಪೆಟ್ಟನ್ನು ಸಿಯಾಟಲ್ ಒಂದೇ ವರ್ಷದಲ್ಲಿ ನುಂಗಿಕೊಂಡಿತು. ಬದಲಿಗೆ ಅವರಿಗೆ ಮೂವರು ಆಟಗಾರರು, ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ, ಒಂದು ಐದನೇ ಸುತ್ತಿನ ಸರದಿ ಸಿಕ್ಕವು. ಆ ಸರದಿಗಳಲ್ಲಿ ಚಾರ್ಲ್ಸ್ ಕ್ರಾಸ್, ಡೆವನ್ ವಿದರ್‌ಸ್ಪೂನ್ ಬಂದರು. ಅಗ್ಗದ ನಾಲ್ಕು ವರ್ಷಗಳ ಲೆಕ್ಕ ಹೊಸದಾಗಿ ಶುರು.

ಡೆನ್ವರ್ ಮಾಡಿದ್ದು ಇದಕ್ಕೆ ತಿರುಗುಮುರುಗು. ಆ ವರ್ಷವೇ ವಾಲ್‌ಮಾರ್ಟ್ ಮನೆತನದವರ ಗುಂಪು ತಂಡವನ್ನು 465 ಕೋಟಿ ಡಾಲರ್‌ಗೆ ಕೊಂಡಿತ್ತು. ದುಡ್ಡಿಗೆ ಕೊರತೆ ಇರಲಿಲ್ಲ. ವಿಲ್ಸನ್ ಡೆನ್ವರ್ ಪರ ಒಂದು ಲೀಗ್ ಪಂದ್ಯ ಆಡುವ ಮೊದಲೇ ಐದು ವರ್ಷಕ್ಕೆ ಸುಮಾರು 24.3 ಕೋಟಿಯ ಹೊಸ ಒಪ್ಪಂದ ಕೊಟ್ಟರು. ಸಹಿ ಬೋನಸ್ 5 ಕೋಟಿ, ವರ್ಷಕ್ಕೆ 1 ಕೋಟಿ ಕಂತು. 2023ರಲ್ಲಿ ಇನ್ನೊಂದು 2 ಕೋಟಿ ಬೋನಸ್, ವರ್ಷಕ್ಕೆ 40 ಲಕ್ಷ. 2024ರ 3.9 ಕೋಟಿಗೆ ಪೂರಾ ಗ್ಯಾರಂಟಿ. ಅಂದರೆ ಆಡಿಸಿದರೂ ಕೊಡಬೇಕು, ಬಿಟ್ಟರೂ ಕೊಡಬೇಕು.

ಮೊದಲ ವರ್ಷ ತಂಡ 5 ಗೆದ್ದು 12 ಸೋತಿತು. ಎರಡನೇ ವರ್ಷ 8 ಗೆಲುವು, 9 ಸೋಲು. ಕೊನೆಯ ಎರಡು ಪಂದ್ಯಕ್ಕೆ ವಿಲ್ಸನ್ ಅವರನ್ನು ಹೊರಗೆ ಕೂರಿಸಿದರು. 2024ರ ಮಾರ್ಚ್‌ನಲ್ಲೂ ಅವರನ್ನು ಇಟ್ಟುಕೊಂಡಿದ್ದರೆ 2025ರ 3.7 ಕೋಟಿ ಸಂಬಳಕ್ಕೂ ಗ್ಯಾರಂಟಿ ಬೀಳುತ್ತಿತ್ತು. ಹಾಗಾಗಿ ಬಿಟ್ಟುಬಿಟ್ಟರು.

ಈಗ ಲೆಕ್ಕ ಕೂಡಿಸಿ. ಸಹಿ ಬೋನಸ್ಸಿನ ಮೂರು ಕಂತು ಬಾಕಿ, 3 ಕೋಟಿ. ಎರಡನೇ ಬೋನಸ್ಸಿನ ನಾಲ್ಕು ಕಂತು ಬಾಕಿ, 1.6 ಕೋಟಿ. ಗ್ಯಾರಂಟಿ 3.9 ಕೋಟಿ. ಒಟ್ಟು 8.5 ಕೋಟಿ ಡಾಲರ್ ಡೆಡ್ ಮನಿ. ಅಲ್ಲಿವರೆಗೆ ಲೀಗ್ ಇಷ್ಟು ದೊಡ್ಡ ಮೊತ್ತ ಕಂಡಿರಲಿಲ್ಲ. ಜೂನ್ 1ರ ನಂತರ ಬಿಟ್ಟಂತೆ ಲೆಕ್ಕ ಹಾಕಿಸಿಕೊಳ್ಳುವ ಒಂದು ಸೌಲಭ್ಯ ಇದೆ, ವರ್ಷಕ್ಕೆ ಇಬ್ಬರು ಆಟಗಾರರಿಗೆ ಮಾತ್ರ. ಹಾಗೆ ಮಾಡಿದರೆ ಈ ವರ್ಷದ ಕಂತಷ್ಟೇ ಈ ವರ್ಷಕ್ಕೆ, ಉಳಿದದ್ದು ಮುಂದಿನ ವರ್ಷಕ್ಕೆ. ಡೆನ್ವರ್ ಅದನ್ನು ಬಳಸಿತು. 2024ಕ್ಕೆ 5.3 ಕೋಟಿ, 2025ಕ್ಕೆ 3.2 ಕೋಟಿ. 2024ರ ಕ್ಯಾಪ್ 25.54 ಕೋಟಿ. ಅದರಲ್ಲಿ ಐದನೇ ಒಂದಕ್ಕಿಂತ ಜಾಸ್ತಿ ಜಾಗ ಊರು ಬಿಟ್ಟುಹೋದವರ ಹೆಸರಿನಲ್ಲಿ ಹೋಯಿತು. ಲೀಗ್‌ನ ಅತಿ ಶ್ರೀಮಂತ ಮಾಲೀಕರು ತಮ್ಮ ಜೇಬಿನಿಂದ ಎಷ್ಟು ಕೊಟ್ಟರೂ ಆ ಜಾಗ ವಾಪಸ್ ಬರುವುದಿಲ್ಲ.

ಐಪಿಎಲ್ ನೋಡುವವರಿಗೆ ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ನಮ್ಮ ಹರಾಜಿನಲ್ಲಿ ಪರ್ಸ್‌ಗೆ ಇಂಥ ಎರಡನೇ ಪುಸ್ತಕ ಇಲ್ಲ. 2025ರ ಸೀಸನ್‌ಗೆ ತಂಡಕ್ಕೆ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ಕೊಹ್ಲಿಗೆ 21, ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. 83 ಕೋಟಿಯೊಂದಿಗೆ ಹರಾಜಿಗೆ ಹೋಯಿತು. ಕೂಗಿದ ಬೆಲೆ ಆ ಸೀಸನ್ನಿನ ಲೆಕ್ಕದಲ್ಲೇ ಪೂರ್ತಿ ಕಳೆಯುತ್ತದೆ. ನಮ್ಮ ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಗೆ ಹೋದಾಗ ಬೆಂಗಳೂರಿನಲ್ಲಿ ಎಷ್ಟೋ ಜನಕ್ಕೆ ಬೇಸರವಾಯಿತು. ಎನ್‌ಎಫ್‌ಎಲ್ ಪದ್ಧತಿ ಇದ್ದಿದ್ದರೆ ಆ ಮೊತ್ತವನ್ನು ಐದು ವರ್ಷಕ್ಕೆ ಹಂಚಿ ಆ ಸಲ ಆರ್‌ಸಿಬಿ ಕೊಂಡುಬಿಡಬಹುದಿತ್ತು. ಐದನೇ ವರ್ಷ ಯಾರು ಕಷ್ಟಪಡಬೇಕಿತ್ತು ಅನ್ನುವುದೂ ಈಗ ನಿಮಗೆ ಗೊತ್ತು.

ಆ ಕಷ್ಟ ಯಾರಿಗೆ ಬೀಳುತ್ತದೆ ಅನ್ನುವುದೇ ನನ್ನನ್ನು ಹೆಚ್ಚು ಕಾಡುವ ವಿಷಯ. ವಿಲ್ಸನ್ ಅವರನ್ನು ಬಿಡುವುದಾಗಿ ಹೇಳಿದ ಅದೇ ವಾರ ಡೆನ್ವರ್ ಜಸ್ಟಿನ್ ಸಿಮನ್ಸ್ ಅವರನ್ನೂ ಬಿಟ್ಟಿತು. 2016ರಲ್ಲಿ ಮೂರನೇ ಸುತ್ತಿನಲ್ಲಿ ಬಂದವರು. ಎಂಟು ಸೀಸನ್ ಆಡಿದವರು. ಊರಿಗೆ ಅಚ್ಚುಮೆಚ್ಚು. ತಡೆಯುವ ಪಡೆಯಲ್ಲಿ ಅವರ ಜಾಗಕ್ಕೆ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬರು. ಅವರನ್ನು ಬಿಟ್ಟದ್ದರಿಂದ 1.45 ಕೋಟಿ ಜಾಗ ಸಿಕ್ಕಿತು. ಜೆರಿ ಜೂಡಿಯನ್ನು ಐದನೇ, ಆರನೇ ಸುತ್ತಿನ ಸರದಿಗೆ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟರು. ಇಬ್ಬರದ್ದೂ ಯಾವ ತಪ್ಪೂ ಇರಲಿಲ್ಲ.

ಮೇಲಿನ ಐದಾರು ಜನಕ್ಕೆ ಕೋಟಿಗಟ್ಟಲೆ, ಕೆಳಗಿನ ಮೂವತ್ತು ಜನಕ್ಕೆ ಡ್ರಾಫ್ಟ್ ಸಂಬಳ ಅಥವಾ ಕನಿಷ್ಠ ಸಂಬಳ. ನಡುವೆ ಇರುವವರಿಗೆ ಜಾಗ ಕಿರಿದಾಗುತ್ತಾ ಬಂದಿದೆ. ಏಳೆಂಟು ವರ್ಷ ಆಡಿದ, ಒಳ್ಳೆಯ ಆದರೆ ತಾರೆಯಲ್ಲದ ಆಟಗಾರ ಇವತ್ತಿನ ತಂಡದಲ್ಲಿ ಎಲ್ಲರಿಗಿಂತ ಅಭದ್ರ. ಲೀಗ್‌ಗೂ ಇದು ಗೊತ್ತು. 2024ರಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಆಡಿದವರಿಗೆ ಕನಿಷ್ಠ ಸಂಬಳ 12.1 ಲಕ್ಷ ಡಾಲರ್, ಹೊಸಬರಿಗೆ 7.95 ಲಕ್ಷ. ಹಳಬರನ್ನು ಕೈಬಿಡದಿರಲಿ ಅಂತ, ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಒಪ್ಪಂದ ಮಾಡಿಕೊಂಡವರನ್ನು ಆ ವರ್ಷ ಕ್ಯಾಪ್‌ನಲ್ಲಿ 9.85 ಲಕ್ಷ ಅಂತಷ್ಟೇ ಹಿಡಿದರು. ಸಣ್ಣ ನೆರವು. ಆದರೂ ಎಷ್ಟೋ ಜನರ ಒಂದೊಂದು ವರ್ಷ ಇದರಿಂದ ಉಳಿದಿದೆ.

ಆಗಸ್ಟ್ ಕೊನೆಗೆ ಪ್ರತಿ ತಂಡ 90 ಜನರಿಂದ 53ಕ್ಕೆ ಇಳಿಯಬೇಕು. ತಂಡಕ್ಕೆ 37ರಂತೆ ಲೀಗ್‌ನಲ್ಲಿ 1,184 ಜಾಗ ಇಲ್ಲವಾಗುತ್ತವೆ. ಅಭ್ಯಾಸದ ಪಡೆಗೆ ಅಂತ ತಂಡಕ್ಕೆ 16 ಜನ ವಾಪಸ್ ಬರಬಹುದು, ಕಡಿಮೆ ಸಂಬಳಕ್ಕೆ. ಉಳಿದವರು ಫೋನ್ ಕಾಯುತ್ತಾ ಮನೆಗೆ ಹೋಗುತ್ತಾರೆ. ದೊಡ್ಡ ಒಪ್ಪಂದದ ಸುದ್ದಿ ಓದಿದಾಗಲೆಲ್ಲ ನನಗೆ ಆ ದಿನ ನೆನಪಾಗುತ್ತದೆ.

2024ರ ಡೆನ್ವರ್ ಏನಾಯಿತು? ಸೋತು ಕೂರಲಿಲ್ಲ. ಡ್ರಾಫ್ಟ್‌ನ 12ನೇ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಅವರನ್ನು ತಂದರು. ನಾಲ್ಕು ವರ್ಷಕ್ಕೆ ಒಟ್ಟು ಸುಮಾರು 1.86 ಕೋಟಿ. ವಿಲ್ಸನ್ ಗ್ಯಾರಂಟಿಯ ಅರ್ಧಕ್ಕೂ ಕಡಿಮೆ. ಅವರು ಅಗ್ಗ ಇದ್ದದ್ದರಿಂದಲೇ ಡೆಡ್ ಮನಿ ಹೊತ್ತುಕೊಂಡೂ ತಂಡ ನಿಂತಿತು. ಪ್ಯಾಟ್ರಿಕ್ ಸರ್ಟನ್‌ಗೆ ನಾಲ್ಕು ವರ್ಷಕ್ಕೆ 9.6 ಕೋಟಿಯ ಒಪ್ಪಂದ ಕೊಡಲೂ ಆಯಿತು. 10 ಗೆಲುವು, 7 ಸೋಲು. 2015ರ ಸೀಸನ್ ನಂತರ ಮೊದಲ ಸಲ ಪ್ಲೇಆಫ್. ಎಂಟು ವರ್ಷ ಅಲ್ಲಿ ಕಾದಿದ್ದ ಸಿಮನ್ಸ್ ಆಗ ಅಟ್ಲಾಂಟಾದಲ್ಲಿದ್ದರು.

ವಿಲ್ಸನ್ ಪಿಟ್ಸ್‌ಬರ್ಗ್‌ಗೆ ಸೇರಿದ್ದು 12.1 ಲಕ್ಷಕ್ಕೆ, ಅದೇ ಕನಿಷ್ಠ ಸಂಬಳ. ಹೊಸ ತಂಡ ಎಷ್ಟು ಕೊಡುತ್ತದೋ ಅಷ್ಟು ಡೆನ್ವರ್ ಕೊಡಬೇಕಾದ 3.9 ಕೋಟಿಯಲ್ಲಿ ಕಳೆಯುತ್ತಿತ್ತು. ಹಾಗಾಗಿ ಜಾಸ್ತಿ ಕೇಳಿದರೆ ಅವರಿಗೇನೂ ಲಾಭ ಇರಲಿಲ್ಲ. ಕಡಿಮೆಗೆ ಸೇರಿದರೆ ಹೊಸ ತಂಡಕ್ಕೆ ಇನ್ನೊಬ್ಬನನ್ನು ಕೊಳ್ಳುವ ಜಾಗ ಉಳಿಯುತ್ತಿತ್ತು. ಉಳಿದ 3.78 ಕೋಟಿ ಡೆನ್ವರ್ ಕಟ್ಟಿತು.

ನಿಕ್ಸ್ ಅವರ ಮೂರನೇ ಸೀಸನ್ 2026. ಅದು ಮುಗಿದ ಮೇಲೆ ಅವರು ಹೊಸ ಒಪ್ಪಂದಕ್ಕೆ ಕೂರಬಹುದು.